ಪೇಪರ್ ಆಫೀಸಿನ ಮುಂದಿನ ಮೆಟ್ಟಿಲು

ಭಾನುವಾರ ಬೆಳಿಗ್ಗೆ ಗೌತಮಿಯನ್ನು ಮೊಣಕಾಲ ನಡುವೆ ಕೂಡಿಸಿಕೊಂಡು ಹೇನು ಹೆಕ್ಕುತ್ತಿದ್ದೆ. ವಾರವೆಲ್ಲ ನನಗೆ ಪುರುಸೊತ್ತಿಲ್ಲ. ಬೆಳಕು ಹರಿಯುವುದರೊಳಗೆ ರೊಟ್ಟಿ ಬಡಿದಿಟ್ಟು ಮಾನ್ವಿ ಬಸ್ಸು ಹಿಡಿಯಬೇಕು. ಕುರ್ಡಿಯ ಶಾಲೆಯಲ್ಲಿ ನಾನು ಟೀಚರ್. ಗಂಡ ಅಮರೇಶ ದೇವದುರ್ಗ ಡಿಪೋದಲ್ಲಿ ಕಂಡಕ್ಟರ್, ಭಾನುವಾರವೂ ಡ್ಯೂಟಿ. ಮಗಳ ತಲೆ ನನ್ನ ಕೈಗೆ ನೆಟ್ಟಗೆ ಸಿಗುವುದು ಈ ಒಂದು ಬೆಳಿಗ್ಗೆ ಮಾತ್ರ. ಒಂದು ಕಡೆ ಬಾಚಿ ಜಡೆ ಹಾಕಿ ಆಗಿತ್ತು. ಇನ್ನೊಂದು ಕಡೆಯ ಸಿಕ್ಕು ಬಿಡಿಸುವಾಗ ಬಾಗಿಲ ಮುಂದೆ ಮೋಟರ್ ಸೈಕಲ್ ನಿಂತಿತು.

ವಿರೂಪಣ್ಣ ಬಂದಿದ್ದ. ಪೇಪರ್ ಆಫೀಸಿನ ಮ್ಯಾನೇಜರ್. ಅವನು ನಮ್ಮ ಓಣಿಗೆ ಬಂದದ್ದು ಅದೇ ಮೊದಲು. ಕುರ್ಚಿ ತಂದಿಟ್ಟೆ, ಕೂಡಲಿಲ್ಲ. ನೀರು ಕೊಟ್ಟೆ. ಲೋಟ ಇಸಿದುಕೊಂಡು ಕಿಟಕಿಯ ಕಟ್ಟೆಯ ಮೇಲಿಟ್ಟ. ಅದು ಅಲ್ಲೇ ಉಳಿಯಿತು.

"ಗೋಪಮ್ಮ ಅದಾಳೇನ್ರೀ ಮೇಡಂ?"

ನನಗೆ ಬಹುವಚನ. ನನ್ನ ಅವ್ವನಿಗೆ ಏಕವಚನ. ಅವ್ವ ಅವನಿಗಿಂತ ಎಷ್ಟೋ ದೊಡ್ಡವಳು.

ಅವನು ತಂದ ಸುದ್ದಿ ಇಷ್ಟು. ಪೇಪರ್ ಆಫೀಸು ಊರ ಹೊರಗಿನ ಹೊಸ ಜಾಗಕ್ಕೆ ಹೋಗಿದೆ. ಹಳೆಯ ಕಟ್ಟಡವನ್ನು ಮಾರಿದ್ದಾರೆ. ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತಾರೆ. ಅದಕ್ಕೆ ಮುಂಚೆ ಇವತ್ತು ಒಂದು ಬೀಳ್ಕೊಡುಗೆ ಇಟ್ಟುಕೊಂಡಿದ್ದಾರೆ. ಹಳೆಯ ಸಂಪಾದಕರು, ಏಜೆಂಟರು, ಹತ್ತಿ ಮಾರುವ ಗಂಜ್ ಪೇಟೆಯ ವ್ಯಾಪಾರಿಗಳು ಎಲ್ಲ ಬರುತ್ತಾರೆ. ಉದ್ಘಾಟನೆಯ ದಿನ, ಪೇಪರ್ ಶುರು ಮಾಡಿದ ಹಿರಿಯ ಸಾಹುಕಾರರು ಬಂದವರನ್ನೆಲ್ಲ ಮುಂದಿನ ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೋ ತೆಗೆಸಿದ್ದರು. ಅದೇ ಥರದ ಫೋಟೋ ಇವತ್ತೂ ಆಗಬೇಕು. ಆದರೆ ಮೆಟ್ಟಿಲ ತುಂಬ ಪಾರಿವಾಳದ ಹೇಲು. ಕ್ಲೀನಿಂಗ್ ಏಜೆನ್ಸಿಯ ಹುಡುಗರು ನಿನ್ನೆ ಬಂದಿದ್ದರು. ವಿರೂಪಣ್ಣ ಅವರನ್ನು ರೂಢಿಯಂತೆ ಹಿಂದಿನ ಕಬ್ಬಿಣದ ಮೆಟ್ಟಿಲಿಗೆ ಕಳಿಸಿದ. ಹತ್ತುವಾಗ ಒಬ್ಬನ ಕಾಲು ತುಕ್ಕಿನ ತಗಡಿನೊಳಗೆ ಇಳಿದು ಸೀಳಿತು. ಬಕೆಟ್ ಅಲ್ಲೇ ಬಿಟ್ಟು ಹೋದರು. ಇವತ್ತು ಫೋನ್ ಎತ್ತುತ್ತಿಲ್ಲ.

"ಗೋಪಮ್ಮಗ ಆ ಮೆಟ್ಲು ರೂಢಿ ಅದ," ಅಂದ.

ನಾನು ಬಾಚಣಿಗೆ ಕೆಳಗಿಟ್ಟೆ. ಅವ್ವ ಆಫೀಸು ತೊಳೆಯುವ ಕೆಲಸ ಬಿಟ್ಟು ಬಹಳ ದಿನ ಆಯಿತು, ಮೊಣಕಾಲು ಬರುವುದಿಲ್ಲ, ಬೇರೆ ಯಾರನ್ನಾದರೂ ನೋಡಿರಿ ಅಂದೆ. ಹೇಳಿ ಮುಗಿಸುವ ಮೊದಲೇ ಒಳಗಿನಿಂದ ಅವ್ವನ ದನಿ ಬಂತು.

"ಬರ್ತೀನ್ರೀ ಯಪ್ಪಾ. ನೀವು ನಡ್ರಿ."

ಅವನು ಹೋದ. ನಾನು ಒಳಗೆ ಹೋದೆ. ಅವ್ವ ಮೊರದಲ್ಲಿ ಜೋಳ ಹಾಕಿಕೊಂಡು ಹರಳು ಆರಿಸುತ್ತಿದ್ದಳು. ಅವತ್ತು ನಾನು ಅವ್ವನಿಗೆ ಆಡಬಾರದ್ದನ್ನೆಲ್ಲ ಆಡಿದೆ. ಆಗ ಹೊಟ್ಟೆಪಾಡು, ಈಗ ಏನು ಕಡಿಮೆಯಾಗಿದೆ ಅಂತ ಕೇಳಿದೆ. ಅವರು ಬಾ ಅಂದ ಕೂಡಲೇ ಏಳುವ ಈ ಕಾಲನ್ನು ಡಾಕ್ಟರಿಗೆ ಯಾಕೆ ತೋರಿಸುತ್ತೀ ಅಂದೆ. ಅವಳು ಹರಳು ಆರಿಸುತ್ತಲೇ ಇದ್ದಳು. ನನ್ನ ಮಾತು ಮುಗಿದ ಮೇಲೆ ಮೊರವನ್ನು ಬದಿಗಿಟ್ಟಳು.

"ಕೊನಿ ಸಲ ಬೇ," ಅಂದಳು. "ಬಾಚಣಿಗಿ ಕೊಡಿಲ್ಲಿ."

ನಾನೇ ಬಾಚಿದೆ. ಸಿಟ್ಟಿನಲ್ಲೂ ಕೈ ಮೆಲ್ಲಗೆ ಆಡಿತು. ಅವ್ವನ ನೆತ್ತಿಯ ಮೇಲೆ ಒಂದು ಕಡೆ ಕೂದಲಿಲ್ಲ. ಚರ್ಮ ನುಣ್ಣಗೆ, ಗಟ್ಟಿಯಾಗಿ, ಬೇರೆ ಬಣ್ಣವಾಗಿದೆ. ಅದು ಆ ಕಟ್ಟಡ ಕೊಟ್ಟದ್ದು. ಬಾಚಿ ತುರುಬು ಕಟ್ಟಿದ ಮೇಲೆ ಅವ್ವ ಟ್ರಂಕು ತೆಗೆದು ನೀಲಿ ಅಂಚಿನ ಬಿಳಿ ಸೀರೆ ತೆಗೆದಳು. ಏಪ್ರಿಲ್ ಹದಿನಾಲ್ಕರ ಜಯಂತಿಗೆ ಉಡುವ ಸೀರೆ. ಪಾರಿವಾಳದ ಹೇಲು ತೊಳೆಯಲು ಅದನ್ನು ಯಾಕೆ ಉಡುತ್ತೀ ಅಂತ ಕೇಳಿದೆ. ಅವಳು ನೆರಿಗೆ ಹಿಡಿದಳು. ವಯಸ್ಸಾಗಿದೆ, ತಿಳಿಯುತ್ತಿಲ್ಲ ಅಂದುಕೊಂಡೆ.

ಆ ಕಟ್ಟಡದ ಕಥೆ ಇಲ್ಲೇ ಹೇಳಿಬಿಡುತ್ತೇನೆ. ಇದನ್ನು ಹೇಳುತ್ತಿರುವ ಈಗ ಒಲೆಯ ಮೇಲೆ ಬೇಳೆ ಇದೆ, ಬೇಯುವವರೆಗೆ ಸಮಯವಿದೆ.

ರಾಯಚೂರಿನಲ್ಲಿ ಆ ಕಟ್ಟಡವನ್ನು ಚಂದ ಅಂದವರನ್ನು ನಾನು ನೋಡಿಲ್ಲ. ಸ್ಟೇಷನ್ ರಸ್ತೆಯಲ್ಲಿ ಬೂದು ಬಣ್ಣದ ಒಂದು ಸಿಮೆಂಟ್ ಪೆಟ್ಟಿಗೆ. ಗಿಲಾವು ಇಲ್ಲ, ಸುಣ್ಣವಿಲ್ಲ. ಸೆಂಟ್ರಿಂಗ್ ಹಲಗೆಯ ಗೆರೆಗಳು ಗೋಡೆಯ ಮೇಲೆ ಹಾಗೇ ಇವೆ. ಹತ್ತಿ ಮಿಲ್ಲಿನ ಹಿರಿಯ ಸಾಹುಕಾರರು ಪೇಪರ್ ಶುರು ಮಾಡಿದಾಗ ಹೈದರಾಬಾದಿನಿಂದ ಒಬ್ಬ ಗಡ್ಡದ ಇಂಜಿನಿಯರನ್ನು ಕರೆಸಿದರು. ಅವನು ವಿಲಾಯತಿಗೆ ಹೋಗಿ ಓದಿ ಬಂದವನು. ಕಟ್ಟಿದ್ದು ಕಟ್ಟಿದ ಹಾಗೇ ಕಾಣಬೇಕು, ಮುಚ್ಚಬಾರದು ಅಂದ. ಊರು ನಕ್ಕಿತು. ಸಾಹುಕಾರರ ರೊಕ್ಕ ತೀರಿ ಗಿಲಾವು ನಿಂತಿದೆ ಅಂತ ಗಂಜಿನಲ್ಲಿ ಸುದ್ದಿಯಾಯಿತು. ತೋರಣ ಕಟ್ಟಲು ಒಂದು ಚೌಕಟ್ಟೂ ಇಲ್ಲವಲ್ಲ ಅಂತ ಸಾಹುಕಾರರ ಹೆಂಡತಿ ಅತ್ತರಂತೆ.

ಬೇಸಿಗೆಯಲ್ಲಿ ಅದರ ಗೋಡೆ ಮುಟ್ಟುವಂತಿಲ್ಲ. ಸಂಜೆಯಾದರೂ ಕಾವು ಬಿಡುವುದಿಲ್ಲ. ಒಳಗೆ ಕೂತು ಬರೆಯುವವರ ಬೆವರು ಕಾಗದದ ಮೇಲೆ ಬಿದ್ದು ಶಾಯಿ ಹರಡುತ್ತಿತ್ತು. ಊರು ಅದಕ್ಕೆ ಭಟ್ಟಿ ಅಂತ ಹೆಸರಿಟ್ಟಿತು. ಮಳೆಗಾಲದಲ್ಲಿ ಸೋರಿತು, ಮೇಲೆ ತಾಡಪತ್ರಿ ಹೊದಿಸಿದರು. ಕಿಟಕಿಗಳಿಗೆ ತಗಡು ಬಡಿದರು. ಆಮೇಲೆ ನೀಲಿ ಗಾಜು ಬಂತು, ಎಸಿ ಡಬ್ಬಿಗಳು ಬಂದವು. ಬಂದ ಸಂಪಾದಕರೆಲ್ಲ ಅದನ್ನು ಬೈದರು. ಕೆಡವುತ್ತೇವೆ ಅಂತ ಆಗಾಗ ಮಾತು ಎದ್ದು ಮಲಗುತ್ತಿತ್ತು. ಹೋದ ವರ್ಷ ಯಾವುದೋ ಕಾಲೇಜಿನ ಹುಡುಗರು ಬಂದು ಫೋಟೋ ತೆಗೆದು, ಇದು ದೊಡ್ಡ ಕಟ್ಟಡ, ಕೆಡವಬೇಡಿರಿ ಅಂದರು. ಊರು ಮತ್ತೆ ನಕ್ಕಿತು.

ಇಂಜಿನಿಯರ್ ತುಂಬ ಮನಸ್ಸಿಟ್ಟು ಮಾಡಿದ್ದು ಮುಂದಿನ ಮೆಟ್ಟಿಲನ್ನು. ರಸ್ತೆಯಿಂದ ನೇರವಾಗಿ ಮಹಡಿಯ ಹಾಲಿಗೆ ಏರುತ್ತದೆ. ಎತ್ತಿನ ಗಾಡಿಯಷ್ಟು ಅಗಲ. ಕೆಳಗೆ ಗೇಟಿಲ್ಲ, ಬಾಗಿಲಿಲ್ಲ. ಸುದ್ದಿ ಇರುವ ಯಾರೇ ಆಗಲಿ ರಸ್ತೆಯಿಂದ ನೇರ ಹತ್ತಿ ಬರಬೇಕು ಅಂತ ಅವನ ವಿಚಾರ. ಸಂಪಾದಕನಿಗೂ ಹಮಾಲನಿಗೂ ಒಂದೇ ಮೆಟ್ಟಿಲು. ಹಿರಿಯ ಸಾಹುಕಾರರು ಈ ಮಾತನ್ನು ತಮ್ಮ ಎಲ್ಲ ಭಾಷಣಗಳಲ್ಲೂ ಹೇಳುತ್ತಿದ್ದರು.

ಆ ಮೆಟ್ಟಿಲ ಕಾಂಕ್ರೀಟು ಹೊತ್ತವಳು ನನ್ನ ಅವ್ವ. ದೇವದುರ್ಗ ತಾಲೂಕಿನ ಗೂಗಲ್ ಅವಳ ತವರು. ನನ್ನ ಅಪ್ಪ ಮೂಕಪ್ಪನನ್ನು ಮದುವೆಯಾಗಿ ರಾಯಚೂರಿಗೆ ಬಂದ ವರ್ಷವೇ ಆ ಕೆಲಸ ಶುರುವಾಯಿತು. ಅಪ್ಪ ಕಲಸಿದ, ಅವ್ವ ಹೊತ್ತಳು. ಕಾಂಕ್ರೀಟು ಹಾಕುವ ದಿನ ಕೆಲಸ ನಿಲ್ಲಿಸುವಂತಿಲ್ಲ. ನಿಂತರೆ ಅಲ್ಲಿ ಬಿರುಕು ಬಿಡುತ್ತದೆ. ಹೆಂಗಸರು ಉಚ್ಚೆ ಹೊಯ್ಯಲು ಹೋಗುತ್ತೇವೆ ಅಂದರೂ ಮೇಸ್ತ್ರಿ ಬಿಡುತ್ತಿರಲಿಲ್ಲ. ಸೀರೆಯಲ್ಲೇ ಆಗುತ್ತಿತ್ತು. ಕಬ್ಬಿಣದ ಪುಟ್ಟಿಯ ತಳದಿಂದ ಸಿಮೆಂಟಿನ ನೀರು ಸೋರಿ ತಲೆಯ ಮೇಲೆ ಇಳಿಯುತ್ತಿತ್ತು. ನೆತ್ತಿ ಸುಟ್ಟಿತು. ಹುಣ್ಣಾಯಿತು. ಹುಣ್ಣಿನ ಮೇಲೆ ಸಿಂಬಿ ಇಟ್ಟು ಮತ್ತೆ ಹೊತ್ತಳು. ಅಲ್ಲಿ ಕೂದಲು ತಿರುಗಿ ಬರಲಿಲ್ಲ.

ಮೆಟ್ಟಿಲು ಹಸಿಯಿದ್ದಾಗ, ಹಲಗೆಯ ಮೇಲೆ ಕಾಲಿಟ್ಟು, ಅವ್ವ ಹತ್ತಿದಷ್ಟು ಸಲ ಅದನ್ನು ಯಾರೂ ಹತ್ತಿಲ್ಲ. ಒಣಗಿದ ಮೇಲೆ ಅವಳು ಒಮ್ಮೆಯೂ ಹತ್ತಲಿಲ್ಲ.

ಕಟ್ಟಡ ಮುಗಿದ ಮೇಲೆ ಒಂದು ತೊಂದರೆ ಕಾಣಿಸಿತು. ಇಂಜಿನಿಯರ್ ಸಂಡಾಸುಗಳನ್ನು ಮೇಲೆ, ಹಾಲಿನ ಪಕ್ಕದಲ್ಲೇ ಇಟ್ಟಿದ್ದ. ತೊಳೆಯುವವರು ಎಲ್ಲಿಂದ ಬರಬೇಕು? ಹಳೆಯ ವಾಡೆಗಳಿಗಾದರೆ ಹಿಂದೆ ಒಂದು ಗಲ್ಲಿ ಇರುತ್ತದೆ. ನಮ್ಮವರು ಅದರಲ್ಲಿ ಬಂದು ಅದರಲ್ಲೇ ಹೋಗುತ್ತಾರೆ. ಈ ಕಟ್ಟಡದ ನಕ್ಷೆಯಲ್ಲಿ ಗಲ್ಲಿಯೇ ಇರಲಿಲ್ಲ. ಸಾಹುಕಾರರ ಮನೆಯ ಹಿರಿಯರು ತಲೆ ಕೆಡಿಸಿಕೊಂಡರು. ಇಂಜಿನಿಯರ್ ಹೈದರಾಬಾದಿಗೆ ಹೋದದ್ದೇ ತಡ, ಸಂಡಾಸಿನ ಕಿಟಕಿ ಒಡೆದು ಸಣ್ಣ ಬಾಗಿಲು ಮಾಡಿದರು. ಹಿಂದಿನ ಗೋಡೆಗೆ ಸುರುಳಿ ಸುತ್ತಿದ ಕಬ್ಬಿಣದ ಮೆಟ್ಟಿಲು ತಂದು ಜೋಡಿಸಿದರು. ನೆಲದ ಮೇಲೆ ಮಲಗಿರುತ್ತಿದ್ದ ಗಲ್ಲಿಯನ್ನು ಎತ್ತಿ ನಿಲ್ಲಿಸಿ ಗೋಡೆಗೆ ಬಡಿದ ಹಾಗೆ.

ಅವ್ವನನ್ನು ತೊಳೆಯುವ ಕೆಲಸಕ್ಕೆ ಇಟ್ಟುಕೊಂಡರು. ಅವಳ ಕೆಲಸದ ರೀತಿ ಹೀಗಿತ್ತು. ಆಫೀಸು ತೆರೆಯುವ ಮುಂಚೆ ಹಿಂದಿನ ಕಬ್ಬಿಣದ ಮೆಟ್ಟಿಲಿನಿಂದ ಬಕೆಟ್ ಹಿಡಿದು ಹತ್ತಬೇಕು. ಸಂಡಾಸು ತೊಳೆದು, ಕೈ ತೊಳೆದು, ಹಾಲಿನ ನೆಲ ಒರೆಸಬೇಕು. ಆಮೇಲೆ ಮುಂದಿನ ಮೆಟ್ಟಿಲನ್ನು ಮೇಲಿಂದ ಕೆಳಗೆ ತೊಳೆಯಬೇಕು. ಒಂದೊಂದೇ ಪಾವಟಿಗೆ ತೊಳೆಯುತ್ತ, ಬಗ್ಗಿಕೊಂಡು, ಹಿಂದೆ ಹಿಂದೆ ಇಳಿಯಬೇಕು. ತನ್ನ ಹೆಜ್ಜೆಯ ಗುರುತನ್ನು ತಾನೇ ಒರೆಸುತ್ತ ಇಳಿದು ರಸ್ತೆಗೆ ಬರಬೇಕು. ಮೇಲೆ ಏನಾದರೂ ಮರೆತು ಬಂದಿದ್ದರೆ ಮತ್ತೆ ಸಂದಿಯಲ್ಲಿ ಸುತ್ತಿ ಹಿಂದಿನಿಂದ ಹತ್ತಬೇಕು. ಪೇಪರ್ ಮಡಚುವ ನೂರ್ ಬೀ ಮುಂದಿನಿಂದಲೇ ಹತ್ತುತ್ತಿದ್ದಳು. ಹಮಾಲರೂ ಹತ್ತುತ್ತಿದ್ದರು. ಅವ್ವ ದಿನಾಲು ಆ ಮೆಟ್ಟಿಲು ಇಳಿದಳು. ಅವಳ ಕಪ್ಪು ಕೂದಲು ಬೆಳ್ಳಗಾಗುವವರೆಗೆ ಇಳಿದಳು. ಬರೀ ಇಳಿದಳು.

ನಾನು ಒಂದು ಸಲ ಹತ್ತಿದ್ದೇನೆ. ಒಂದನೆಯ ತರಗತಿಯಲ್ಲಿದ್ದೆ. ಗಂಜಿನಲ್ಲಿ ಮೂಟೆ ಹೊರುತ್ತಿದ್ದ ಅಪ್ಪನ ಬೆನ್ನ ಮೇಲೆ ಹತ್ತಿಯ ಅಂಡಿಗೆ ಜಾರಿ ಬಿದ್ದಿತ್ತು. ಅವ್ವನಿಗೆ ಹೇಳಲು ಓಡಿದೆ. ಮುಂದೆ ದೊಡ್ಡ ಮೆಟ್ಟಿಲಿತ್ತು, ಹತ್ತಿದೆ. ಮೇಲಿನಿಂದ ವಾಚ್‌ಮನ್ ರಟ್ಟೆ ಹಿಡಿದು ಎಳೆದು ತಂದು ಕೆಳಗೆ ಬಿಟ್ಟ. ಕಾಲಲ್ಲಿ ಕೆಸರಿದೆ ಅಂದ. ಅವತ್ತು ಮಳೆ ಬಂದಿರಲಿಲ್ಲ. ಅವ್ವನನ್ನು ಕರೆದು ಮೆಟ್ಟಿಲನ್ನು ಮತ್ತೆ ತೊಳೆಸಿದರು. ನನ್ನ ಅಪ್ಪ ಅಲ್ಲಿ ಬಿದ್ದುಕೊಂಡಿದ್ದ. ಅವ್ವ ಇಲ್ಲಿ ಮೇಲಿಂದ ಕೆಳಗೆ ತೊಳೆಯುತ್ತಿದ್ದಳು. ನಾನು ರಸ್ತೆಯಲ್ಲಿ ನಿಂತು ಅವಳ ಬೆನ್ನು ನೋಡುತ್ತಿದ್ದೆ. ತೊಳೆದು ಮುಗಿಸಿದ ಮೇಲೆ ನನ್ನ ಕೈ ಹಿಡಿದು ಓಡಿದಳು. ಅಪ್ಪ ಅವತ್ತು ಬದುಕಿದ. ಬೆನ್ನು ಮಾತ್ರ ನೆಟ್ಟಗಾಗಲಿಲ್ಲ. ಹಾಗೇ ಬಾಗಿಕೊಂಡೇ ಕೆಲವು ವರ್ಷ ಇದ್ದು ತೀರಿಕೊಂಡ.

ನಾನು ಅದನ್ನು ಗೌತಮಿಗೆ ಹೇಳಿಲ್ಲ. ಮಗುವಿಗೆ ಯಾಕೆ ಅಂತ.

ಆಟೋದಲ್ಲಿ ಮೂವರೂ ಹೋದೆವು. ಮಗಳನ್ನು ಬಿಟ್ಟು ಬರಲು ಮನೆಯಲ್ಲಿ ಯಾರೂ ಇರಲಿಲ್ಲ. ಅವಳಿಗೆ ಒಂದೇ ಜಡೆ. ಇನ್ನೊಂದು ಕಡೆಯ ಕೂದಲನ್ನು ರಬ್ಬರ್ ಹಾಕಿ ಕಟ್ಟಿದ್ದೆ. ಅವ್ವ ತನ್ನ ಹಳೆಯ ಪೊರಕೆ, ತೆಂಗಿನ ನಾರು ತಂದಿದ್ದಳು.

ಕಟ್ಟಡದ ಎದುರಿಗೆ ನೂರ್ ಬೀಯ ಚಹಾದ ಬಂಡಿ ಇದೆ. ಪೇಪರ್ ಮಡಚಲು ಮಷೀನು ಬಂದ ಮೇಲೆ ಅವಳು ಬಂಡಿ ಇಟ್ಟಳು. ಅವ್ವನ ಬಿಳಿ ಸೀರೆ ನೋಡಿ ಕೂಗಿದಳು.

"ಏ ಗೋಪೀ, ಪೊರಕಿ ಹಿಡ್ಕೊಂಡು ಯಾರ ಮದಿವಿಗಿ ಹೊಂಟೀ?"

"ನಂದ," ಅಂದಳು ಅವ್ವ.

ನೂರ್ ಬೀ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವ್ವ ನಗಲಿಲ್ಲ.

ಮೆಟ್ಟಿಲ ಬುಡದಲ್ಲಿ ರಂಗೋಲಿ ಹಾಕಿದ್ದರು. ಎರಡೂ ಬದಿಗೆ ಚೆಂಡು ಹೂವಿನ ಮಾಲೆ. ವಿರೂಪಣ್ಣ ನಮ್ಮನ್ನು ಅಲ್ಲಿ ನಿಲ್ಲಗೊಡಲಿಲ್ಲ. ಕೈ ಮಾಡಿ ಸಂದಿ ತೋರಿಸಿ ತಾನೂ ಬಂದ. ಸಂದಿಯಲ್ಲಿ ಎಸಿ ಡಬ್ಬಿಗಳ ನೀರು ತೊಟ್ಟಿಕ್ಕಿ ಪಾಚಿ ಕಟ್ಟಿತ್ತು. ಕೊನೆಯಲ್ಲಿ ಕಬ್ಬಿಣದ ಮೆಟ್ಟಿಲು. ಗೋಡೆಗೆ ಹಿಡಿದಿದ್ದ ಬೋಲ್ಟುಗಳಲ್ಲಿ ಒಂದು ಕಿತ್ತು ಹೊರಗೆ ಬಂದಿತ್ತು. ನಿನ್ನೆ ಹುಡುಗನ ಕಾಲು ಸಿಕ್ಕಿದ ತಗಡು ಬಾಯಿ ತೆರೆದುಕೊಂಡಿತ್ತು. ಅದರ ಅಂಚಿಗೆ ರಕ್ತ ಒಣಗಿತ್ತು.

ಗೌತಮಿ ಕತ್ತು ಎತ್ತಿ ಸುರುಳಿಯನ್ನು ಬುಡದಿಂದ ತುದಿಯವರೆಗೆ ನೋಡಿದಳು. ತುದಿಯಲ್ಲಿ ಸಂಡಾಸಿನ ಸಣ್ಣ ಬಾಗಿಲಿತ್ತು.

"ಅಮ್ಮಾ, ಈ ಮೆಟ್ಲು..."

ನಾನು ಸುಮ್ಮನಿರು ಅಂತ ಕೈ ಒತ್ತಿದೆ. ದೊಡ್ಡವರ ಮುಂದೆ ಬಾಯಿ ತೆರೆಯಬಾರದು ಅಂತ ಅವ್ವ ನನಗೆ ಕಲಿಸಿದ್ದಳು. ನಾನು ನನ್ನ ಮಗಳಿಗೆ ಕಲಿಸಿದ್ದೆ.

ವಿರೂಪಣ್ಣ ಪೈಪು ಹಿಡಿದುಕೊಂಡು ನಿಧಾನ ಹತ್ತಲು ಹೇಳಿದ. ನಾನು ಆಗುವುದಿಲ್ಲ ಅಂದೆ. ಮುಂದಿನಿಂದ ಹತ್ತುತ್ತಾಳೆ, ಇಲ್ಲದಿದ್ದರೆ ಮನೆಗೆ ಹೋಗುತ್ತಾಳೆ ಅಂದೆ. ಅವನು ನನ್ನನ್ನು ಬದಿಗೆ ಕರೆದು ಮೆತ್ತಗೆ ಮಾತಾಡಿದ. ನೀವು ನಾಲ್ಕು ಮಕ್ಕಳಿಗೆ ಬುದ್ಧಿ ಹೇಳುವವರು, ನಿಮಗೆ ತಿಳಿಯುವುದಿಲ್ಲವೇ ಅಂದ. ರಂಗೋಲಿ ಹಾಕಿ ಆಗಿದೆ, ಪೂಜೆ ಆಗಿದೆ, ಸಂಡಾಸಿನ ಬಕೆಟ್ಟು ಅದರ ಮೇಲಿಂದ ಹೋದರೆ ಚಂದ ಕಾಣುತ್ತದೆಯೇ ಅಂದ. ಬೇರೆ ಏನೂ ಅಲ್ಲ, ಬರೀ ಬಕೆಟ್ಟಿನ ಮಾತು ಅಂದ. ಅವರದು ಯಾವಾಗಲೂ ಬಕೆಟ್ಟಿನ ಮಾತು. ಇಲ್ಲದಿದ್ದರೆ ಕೆಸರಿನ ಮಾತು.

ನಾವು ಮಾತಾಡುತ್ತಿದ್ದಾಗಲೇ ಅವ್ವ ಕಬ್ಬಿಣದ ಮೊದಲ ಪಾವಟಿಗೆಯ ಮೇಲೆ ಕಾಲಿಟ್ಟಳು. ಅವಳು ಭಾರ ಹಾಕಿದಳು. ಇಡೀ ಸುರುಳಿ ನರಳಿತು. ಮೇಲಿನಿಂದ ತುಕ್ಕಿನ ಹಕ್ಕಳೆ ಉದುರಿ ಅವಳ ಬಿಳಿ ಸೆರಗಿನ ಮೇಲೆ ಬಿತ್ತು. ಅವಳು ಸೆರಗು ಜಾಡಿಸಿಕೊಂಡಳು. ಆಮೇಲೆ ಕಾಲು ತೆಗೆದು ನೆಲದ ಮೇಲಿಟ್ಟಳು.

"ಇಲ್ರೀ ಯಪ್ಪಾ," ಅಂದಳು. "ಇದನ್ನ ನಾ ಹತ್ತಂಗಿಲ್ಲ."

ದನಿ ಏರಲಿಲ್ಲ. ವಿರೂಪಣ್ಣ ಏನೋ ಅಂದ. ಅವಳು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಏಜೆನ್ಸಿ ಹುಡುಗರು ಬಿಟ್ಟುಹೋದ ಬಕೆಟ್ಟನ್ನು ಸಂದಿಯ ನಲ್ಲಿಯಲ್ಲಿ ತುಂಬಿಕೊಂಡಳು. ಕುಂಟುತ್ತ ಮುಂದಕ್ಕೆ ನಡೆದಳು. ರಂಗೋಲಿಯನ್ನು ತುಳಿಯಲಿಲ್ಲ. ಬದಿಯಿಂದ ದಾಟಿ, ಮುಂದಿನ ಮೆಟ್ಟಿಲ ಕೆಳಗಿನ ಪಾವಟಿಗೆಯ ಮೇಲೆ ನೀರು ಸುರಿದಳು. ಕೂತು ಉಜ್ಜಿದಳು. ಅದು ತೊಳೆದು ಮುಗಿಯಿತು. ಎದ್ದಳು. ಬಕೆಟ್ಟನ್ನು ಒಂದು ಮೆಟ್ಟಿಲು ಮೇಲಿಟ್ಟಳು.

ಅವ್ವ ಕೆಳಗಿಂದ ಮೇಲಕ್ಕೆ ತೊಳೆಯುತ್ತಿದ್ದಳು.

ಎರಡನೆಯದನ್ನು ಉಜ್ಜಿದಾಗ ಹೊಲಸು ನೀರು ಇಳಿದು ಮೊದಲನೆಯದರ ಮೇಲೆ ಹರಡಿತು. ಮೂರನೆಯದರದ್ದು ಎರಡರ ಮೇಲೂ ಹರಡಿತು. ಮೆಟ್ಟಿಲು ತೊಳೆಯುವುದು ಹೇಗೆ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ನನಗೆ ಆಗ ತಿಳಿಯಿತು. ಅವಳು ಬೆಳಿಗ್ಗೆ ಬರ್ತೀನ್ರೀ ಅಂದದ್ದು ತೊಳೆಯುವುದಕ್ಕಲ್ಲ. ಆ ಸೀರೆ ಉಟ್ಟದ್ದು ಸುಮ್ಮನೆ ಅಲ್ಲ. ನಾನು ಮನೆಯಲ್ಲಿ ಅವಳಿಗೆ ಏನೆಲ್ಲ ಅಂದಿದ್ದೆ.

"ಗೋಪಮ್ಮಾ, ತಲ್ಯಾಗ ಏನೈತಿ ನಿನಗ?" ವಿರೂಪಣ್ಣ ಓಡಿ ಬಂದ. "ಮ್ಯಾಲಿಂದ ತೊಳಿಬೇಕು. ಸಣ್ಣ ಹುಡುಗ್ರಿಗೂ ತಿಳೀತದ."

"ಮ್ಯಾಲಿಂದ ತೊಳ್ದು ಸಾಕಾತ್ರೀ," ಅಂದಳು ಅವ್ವ. ತಿರುಗಿ ನೋಡಲಿಲ್ಲ.

ರಸ್ತೆಯಾಚೆಯಿಂದ ನೂರ್ ಬೀ ಚಹಾ ಸೋಸುವುದನ್ನು ಬಿಟ್ಟು ನೋಡುತ್ತಿದ್ದಳು. ಅವಳ ಗಿರಾಕಿಗಳು ಲೋಟ ಹಿಡಿದು ಈಚೆಗೆ ತಿರುಗಿದರು.

ವಿರೂಪಣ್ಣ ಅವ್ವನ ಬಕೆಟ್ಟಿಗೆ ಕೈ ಹಾಕಿದ. ಅವಳ ಕೈಯೂ ಹಿಡಿಕೆಯ ಮೇಲಿತ್ತು. ಅವನ ಬೆರಳು ಅವಳ ಬೆರಳಿಗೆ ತಾಗಿತು. ಬೆಂಕಿ ತಾಗಿದವನ ಹಾಗೆ ಕೈ ಹಿಂದೆ ತೆಗೆದುಕೊಂಡ. ಇಷ್ಟು ಜನರ ನಡುವೆ ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡದ್ದನ್ನು ನಾನು ನೋಡಿದೆ. ಗೌತಮಿಯೂ ನೋಡಿದಳು.

ಅವನು ಸಂದಿಗೆ ಹೋಗಿ ನಲ್ಲಿಗೆ ಬರುವ ನೀರನ್ನು ಬಂದ್ ಮಾಡಿಸಿದ. ಬಕೆಟ್ಟಿನಲ್ಲಿ ಉಳಿದಿದ್ದು ತಳದ ನೀರು. ಅವ್ವ ಮೆಟ್ಟಿಲ ಅರ್ಧವನ್ನೂ ಮುಟ್ಟಿರಲಿಲ್ಲ. ನಾನು ಏನು ಮಾಡಬೇಕು ಅಂತ ನಿಂತಿದ್ದಾಗ ನೂರ್ ಬೀ ತನ್ನ ಬಂಡಿಯ ಕೊಡವನ್ನು ಎತ್ತಿಕೊಂಡು ರಸ್ತೆ ದಾಟಿ ಬಂದಳು. ಚಹಾಕ್ಕೆ ತುಂಬಿಟ್ಟ ನೀರು. ನನ್ನ ಕೈಗೆ ಕೊಟ್ಟಳು.

"ಹಿಡಿ ಟೀಚರಮ್ಮಾ. ಇವತ್ತು ಚಾ ಬಂದ್."

ಕೊಡ ಹೊತ್ತು ಹತ್ತಿದೆ. ಒಂದನೆಯ ತರಗತಿಯಲ್ಲಿ ಎಳೆದು ತಂದು ಬಿಟ್ಟ ಮೆಟ್ಟಿಲನ್ನು ಮತ್ತೆ ಹತ್ತಿದೆ. ಟೀಚರ್ ಆದ ಮೇಲೂ ನಾನು ಆ ಮೆಟ್ಟಿಲ ಮುಂದೆ ಹಾಯುವಾಗ ಆಚೆ ಬದಿಯಲ್ಲಿ ನಡೆಯುತ್ತಿದ್ದೆ. ಕೊಡ ತುಳುಕಿ ಮೈ ಒದ್ದೆಯಾಯಿತು. ಗೌತಮಿ ಬಂಡಿಯ ಚೊಂಬು ಹಿಡಿದು ನನ್ನ ಹಿಂದೆ ಬಂದಳು. ಬರುತ್ತ ನನ್ನ ಸೆರಗು ಜಗ್ಗಿದಳು.

"ಅಮ್ಮಾ, ಒಂದು ಕೇಳ್ಲಾ?"

ಆಮೇಲೆ ಅಂದೆ.

ಅವ್ವನ ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಒಂದು ಪಾವಟಿಗೆಯ ಮೇಲೆ ಕೂತು, ಮೇಲಿನದನ್ನು ಉಜ್ಜಿ, ಎರಡೂ ಕೈಯೂರಿ ಮೈಯನ್ನು ಮೇಲಕ್ಕೆ ಎತ್ತಿಕೊಳ್ಳುತ್ತಿದ್ದಳು. ಉಸಿರು ಸಿಳ್ಳೆ ಹಾಕುತ್ತಿತ್ತು. ಬಿಳಿ ಸೀರೆಯ ಕೆಳಗೆ ಹಸಿರು ಬೂದು ಹೊಲಸು ಮೆತ್ತಿತ್ತು. ಪೊರಕೆ ನನಗೆ ಕೊಡು ಅಂದೆ. ಕೊಡಲಿಲ್ಲ. ನೀರು ಹಾಕು, ಸಾಕು ಅಂದಳು.

ಅಷ್ಟರಲ್ಲಿ ಕಾರುಗಳು ಬಂದವು. ಬಿಳಿ ಅಂಗಿಯವರು, ರೇಷ್ಮೆ ಸೀರೆಯವರು ಇಳಿದರು. ಮೆಟ್ಟಿಲ ಬುಡದಲ್ಲಿ ಗುಂಪು ಕಟ್ಟಿ ನಿಂತರು. ಮೇಲಿನಿಂದ ಇಳಿದ ನೀರು ಚೆಂಡು ಹೂವನ್ನು ತೋಯಿಸಿ, ರಂಗೋಲಿಯನ್ನು ಕರಗಿಸಿ, ಅವರ ಚಪ್ಪಲಿಗಳ ಕಡೆ ಹರಿಯಿತು. ಅವರು ಒಂದು ಹೆಜ್ಜೆ ಹಿಂದೆ ಸರಿದರು. ನೀರು ಮುಂದೆ ಬಂತು. ಮತ್ತೆ ಸರಿದರು. ಯಾರೋ ಮೂಗು ಮುಚ್ಚಿಕೊಂಡರು. ಫೋಟೋದವನು ಕ್ಯಾಮೆರಾ ಎತ್ತಿದ. ವಿರೂಪಣ್ಣ ಬೇಡ ಅಂತ ಕೈ ಮಾಡಿದ. ಫೋಟೋದವನು ಇಳಿಸಲಿಲ್ಲ.

ಕೊನೆಗೆ ಪ್ರಭುರಾಜ ಬಂದ. ಹಿರಿಯ ಸಾಹುಕಾರರ ಮೊಮ್ಮಗ, ಈಗಿನ ಮಾಲೀಕ. ನನ್ನ ವಯಸ್ಸಿನವನು. ಒಳ್ಳೆಯವನು ಅಂತ ಊರಲ್ಲಿ ಹೆಸರಿದೆ. ಯಾರಿಗೂ ಜೋರು ಮಾಡಿ ಮಾತಾಡುವುದಿಲ್ಲ. ವಿರೂಪಣ್ಣ ಅವನ ಕಿವಿಯಲ್ಲಿ ಏನೇನೋ ಹೇಳಿದ. ಪೊಲೀಸ್ ಅನ್ನುವ ಮಾತು ನನಗೆ ಕೇಳಿಸಿತು. ನನ್ನ ನೌಕರಿ ನೆನಪಾಯಿತು. ಅಮರೇಶನಿಗೆ ಫೋನ್ ಮಾಡಲೇ ಅಂತ ಅನಿಸಿತು. ಕೈಯಲ್ಲಿ ಕೊಡ ಇತ್ತು. ನೀರು ಹಾಕಿದೆ.

ಪ್ರಭುರಾಜ ತಲೆ ಅಲ್ಲಾಡಿಸಿ ವಿರೂಪಣ್ಣನನ್ನು ಸುಮ್ಮನಿರಿಸಿದ. ಕೆಳಗೆ ನಿಂತೇ ಅವ್ವನನ್ನು ಕರೆದ. ನೀನು ನಮ್ಮ ಮನೆಯ ಮಗಳಿದ್ದಂತೆ, ದಣಿದಿದ್ದೀ, ಇಳಿದು ಬಾ, ಚಹಾ ಕುಡಿ ಅಂದ. ಅವ್ವ ಕೊನೆಯ ಕೆಲವು ಮೆಟ್ಟಿಲುಗಳಲ್ಲಿದ್ದಳು. ಕೈ ನಿಲ್ಲಿಸಲಿಲ್ಲ. ರಸ್ತೆಯಲ್ಲಿ ಜನ ಸೇರಿದ್ದರು. ಆಟೋದವರು ನಿಲ್ಲಿಸಿಕೊಂಡು ನೋಡುತ್ತಿದ್ದರು.

ಕೊನೆಯ ಪಾವಟಿಗೆಯನ್ನು ಅವ್ವ ಎರಡು ಸಲ ಉಜ್ಜಿದಳು. ಪೊರಕೆಯನ್ನು ಬಕೆಟ್ಟಿನಲ್ಲಿಟ್ಟಳು. ಗೋಡೆ ಹಿಡಿದು ಎದ್ದಳು. ಗೋಡೆಯ ಮೇಲಿನ ಹಲಗೆಯ ಗೆರೆಗೆ ಅಂಗೈ ಊರಿ, ಒಂದು ಕಾಲು ಎತ್ತಿ ಹಾಲಿನ ನೆಲದ ಮೇಲಿಟ್ಟಳು. ಇನ್ನೊಂದನ್ನೂ ಇಟ್ಟಳು. ಆಮೇಲೆ ಮೆಟ್ಟಿಲ ಕಡೆಗೆ ಮುಖ ಮಾಡಿ ತಿರುಗಿ ನಿಂತಳು. ಕೆಳಗಿನ ರಸ್ತೆ ಅವಳ ಬೆನ್ನು ನೋಡಿತ್ತು, ಮುಖ ನೋಡಿರಲಿಲ್ಲ. ಅವಳ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಕೂಡಲಿಲ್ಲ.

ಕೆಳಗೆ ಪ್ರಭುರಾಜ ಮೊದಲ ಪಾವಟಿಗೆಯ ಮೇಲೆ ಕಾಲಿಟ್ಟ. ಬೂಟು ಹೊಲಸು ನೀರಿನಲ್ಲಿ ಮುಳುಗಿತು. ಅವನು ಅದನ್ನು ಗಮನಿಸದವನಂತೆ ನಕ್ಕು, ಬಂದವರ ಕಡೆ ತಿರುಗಿದ. ಭಾಷಣದ ದನಿ ಬಂತು.

"ಇರ್ಲಿ ಬಿಡ್ರಿ. ಹತ್ತ್ಯಾಳ, ಛಲೋ ಆತು. ನಮ್ಮಜ್ಜ ಈ ಮೆಟ್ಲು ಕಟ್ಸಿದ್ದೇ ಎಲ್ಲಾರೂ ಹತ್ಲಿ ಅಂತ. ಸಂಪಾದಕಗೂ ಇದೇ, ಹಮಾಲಗೂ ಇದೇ." ಆಮೇಲೆ ಮೇಲೆ ನೋಡಿದ. "ಗೋಪಮ್ಮಾ, ನೀನ ಹೇಳವಾ ಎಲ್ಲಾರ ಮುಂದ. ನಮ್ಮ ಮನ್ಯಾಗಿಂದ ಯಾರರ ನಿನಗ ಒಂದಿನ ಈ ಮೆಟ್ಲು ಹತ್ತಬ್ಯಾಡ ಅಂದಾರೇನು?"

ಎಲ್ಲರೂ ಅವ್ವನನ್ನು ನೋಡಿದರು. ಅವ್ವನ ಬಾಯಿ ತೆರೆಯಿತು. ಮಾತು ಬರಲಿಲ್ಲ. ನಾನೂ ನನ್ನೊಳಗೆ ಹುಡುಕಿದೆ. ಆ ಮಾತು ಆಡಿದವರ ಮುಖ ಒಂದೂ ಸಿಗಲಿಲ್ಲ. ಹಿರಿಯ ಸಾಹುಕಾರರು ಅಂದಿರಲಿಲ್ಲ. ಅವರ ಮಗ ಅಂದಿರಲಿಲ್ಲ. ವಿರೂಪಣ್ಣ ಬಕೆಟ್ಟು ಅಂದಿದ್ದ, ವಾಚ್‌ಮನ್ ಕೆಸರು ಅಂದಿದ್ದ. ಹತ್ತಬೇಡ ಅಂತ ನಿಜವಾಗಿ ಯಾರೂ ಅಂದಿರಲಿಲ್ಲ. ಒಂದೇ ಒಂದು ದಿನವೂ ಅಂದಿರಲಿಲ್ಲ.

"ನೋಡ್ರಿ," ಅಂದ ಪ್ರಭುರಾಜ, ಮೆತ್ತಗೆ. ಗುಂಪಿನಲ್ಲಿ ಉಸಿರು ಸಡಿಲವಾಯಿತು. ಒಬ್ಬರು ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ತಟ್ಟಿದರು. ಬಿಳಿ ಅಂಗಿಯವರು ಪ್ಯಾಂಟು ಎತ್ತಿಕೊಂಡು ಫೋಟೋಕ್ಕೆ ಮೆಟ್ಟಿಲು ಹತ್ತಲು ಮುಂದೆ ಬಂದರು. ಮೇಲೆ ಅವ್ವ ಒಬ್ಬಳೇ ನಿಂತಿದ್ದಳು, ಇಷ್ಟು ವರ್ಷ ತನ್ನಷ್ಟಕ್ಕೆ ತಾನೇ ಹತ್ತದೆ ಉಳಿದ ದಡ್ಡ ಮುದುಕಿಯ ಹಾಗೆ.

ಗೌತಮಿ ಮೆಟ್ಟಿಲ ನಡುಮಧ್ಯದಲ್ಲಿ ಚೊಂಬು ಹಿಡಿದು ನಿಂತಿದ್ದಳು. ಹತ್ತಿ ಬರುತ್ತಿದ್ದವರಿಗೆ ಅವಳು ಅಡ್ಡವಾಗಿದ್ದಳು. ಬದಿಗೆ ಸರಿ ಮರಿ ಅಂದರು. ಸರಿಯಲಿಲ್ಲ. ಒಮ್ಮೆ ನನ್ನ ಮುಖ ನೋಡಿದಳು. ನನ್ನ ಕೈ ಅವಳ ಕಡೆಗೆ, ಸುಮ್ಮನಿರು ಅನ್ನಲು, ಅರ್ಧ ಎದ್ದಿತು. ಅದನ್ನು ನಾನು ಕೆಳಗಿಳಿಸಿದೆ.

ಅವಳು ಪ್ರಭುರಾಜನ ಕಡೆ ತಿರುಗಿದಳು. ಶಾಲೆಯಲ್ಲಿ ಎದ್ದು ನಿಂತು ಕೇಳುವ ಹಾಗೆ, ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದಳು.

"ಹಂಗಾದ್ರ ಹಿಂದಿನ ಕಬ್ಬಿಣದ ಮೆಟ್ಲು ಯಾರ ಸಲುವಾಗಿ ಮಾಡ್ಸೀರ್ರೀ?"